ಹಳೇ ಬ್ರನೊ .22 ರೈಫಲ್: ದುರ್ಗದವನೊಬ್ಬನ ಬಹುದಿನದ ಬಳಕೆಯ ಅನುಭವ

ಗುರಿ ಅಭ್ಯಾಸಕ್ಕೆ .22, ಅಂದರೆ ನಳಿಗೆಯ ಅಳತೆ ಸುಮಾರು 0.22 ಇಂಚಿನ ಚಿಕ್ಕ ರೈಫಲ್, ತಗೋಬೇಕು ಅಂತಿರುವವರು ಮೊದಲು ಕೇಳುವುದು 'ಯಾವ ಕಂಪನಿ ರೈಫಲ್ ಒಳ್ಳೇದು' ಅಂತ. ನನ್ನನ್ನು ಕೇಳಿದರೆ, ಭುಜಕ್ಕೂ ಕೆನ್ನೆಗೂ ಸರಿಯಾಗಿ ಕೂರುವ ಸಾದಾ ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ ರೈಫಲ್) ಸಾಕು. ಮಿಕ್ಕ ದುಡ್ಡನ್ನು ಒಳ್ಳೆಯ ಕಾಡತೂಸಿಗೆ, ಶೂಟಿಂಗ್ ರೇಂಜಿಗೆ ಹೋಗಿಬರುವ ಖರ್ಚಿಗೆ ಇಟ್ಟುಕೊಳ್ಳಿ. ಬ್ರನೊ ಮಾಡೆಲ್ 2 ನನ್ನ ಕೈಗೆ ಬಂದದ್ದು ಕೊರೊನಾ ಬರುವ ಹಿಂದಿನ ವರ್ಷ. ಅಲ್ಲಿಂದ ಇಲ್ಲಿಯವರೆಗೆ ಈ ಅಭಿಪ್ರಾಯ ಗಟ್ಟಿಯಾಗುತ್ತಲೇ ಬಂದಿದೆ.

ಇದು ಹಳೇ ಝೆಕೊಸ್ಲೊವಾಕಿಯಾದ ಮಾಲು. ಇದರ ವಂಶದ್ದೇ ಆಮೇಲೆ ಬಂದ ಸಿಝಡ್ 452 ರೈಫಲ್. ನಮ್ಮಲ್ಲಿ ಸಾಮಾನ್ಯ ಲೈಸೆನ್ಸುದಾರರು ಹೊರದೇಶದಿಂದ ರೈಫಲ್ ತರಿಸುವಂತಿಲ್ಲ. ಆ ಸೌಲಭ್ಯ ಇರುವುದು ಮುಖ್ಯವಾಗಿ ಮಾನ್ಯತೆ ಪಡೆದ ಕ್ರೀಡಾಪಟುಗಳಿಗೆ. ಹಾಗಾಗಿ ಒಳ್ಳೆಯ ವಿದೇಶಿ .22 ಬೇಕೆಂದರೆ ಇನ್ನೊಬ್ಬ ಲೈಸೆನ್ಸುದಾರರಿಂದ ಕೊಳ್ಳಬೇಕು. ನಾನೂ ವಯಸ್ಸಾದ ಹಿರಿಯರೊಬ್ಬರಿಂದ ಡೀಲರ್ ಮೂಲಕ ತಗೊಂಡೆ. ಹೊಸ ರೈಫಲ್ಲೇ ಬೇಕು ಅನ್ನುವವರಿಗೆ ನಮ್ಮದೇ ಆರ್ಡ್‌ನೆನ್ಸ್ ಫ್ಯಾಕ್ಟರಿಯ .22 ಇದೆ. ಲೈಸೆನ್ಸ್ ಕೊಡುವವರು ಡಿಸಿ ಸಾಹೇಬರು, ಅದಕ್ಕೂ ಮೊದಲು ಪೊಲೀಸ್ ವರದಿ ಆಗಬೇಕು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸಿನ ಅವಧಿ ಐದು ವರ್ಷ. ಓಡಾಟಕ್ಕೆ ತಾಳ್ಮೆ ಬೇಕು, ಅದನ್ನು ಬೆಳೆಸಿ ಬರೆಯುವುದಿಲ್ಲ.

ರೈಫಲ್ ವಿಷಯಕ್ಕೆ ಬರೋಣ. ತೂಕ ಮೂರು ಕಿಲೋ ಆಸುಪಾಸು. ಐದು ಕಾಡತೂಸು ಹಿಡಿಸುವ, ಕಳಚಬಹುದಾದ ಮ್ಯಾಗಝಿನ್ (ಕಾಡತೂಸಿನ ಪೆಟ್ಟಿಗೆ). ಬೋಲ್ಟ್ ಎಳೆದರೆ ಎಣ್ಣೆ ಹಚ್ಚಿದ ಕಬ್ಬಿಣ ಕಬ್ಬಿಣದ ಮೇಲೆ ಜಾರುವ ಆ ಸದ್ದು ಇಷ್ಟು ವರ್ಷವಾದರೂ ನನಗೆ ಬೇಸರ ತಂದಿಲ್ಲ. ಗುರಿ ನೋಡುವ ಹಿಂದಿನ ಸೈಟ್ 200 ಮೀಟರಿನವರೆಗೆ ಗುರುತಿರುವ, ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಪಟ್ಟಿ. 50 ಮೀಟರ್ ದೂರದ ಕಾಗದದ ಗುರಿಗೆ ಅಷ್ಟು ದೂರದ ಗುರುತೇನೂ ಬೇಡ, ಆದರೆ ಕಬ್ಬಿಣದ ಸೈಟಿನಲ್ಲಿ ಒಂದಿಷ್ಟು ಕಾಲ ಕಲಿತದ್ದು ಒಳ್ಳೆಯದೇ ಆಯಿತು. ಆಮೇಲೆ ರೈಫಲಿನ ಮೇಲಿನ 11 ಮಿಲಿಮೀಟರ್ ತೋಡಿಗೆ ದುರ್ಬೀನು ಕೂರಿಸಿದೆ. ದುರ್ಬೀನು ಕೊಳ್ಳುವಾಗ ಒಂದು ವಿಷಯ ನೋಡಿ. ದೊಡ್ಡ ರೈಫಲ್‌ಗಳಿಗೆಂದು ಮಾಡಿದವು ಸಾಮಾನ್ಯವಾಗಿ ನೂರು ಗಜಕ್ಕೆ ಹೊಂದಿಸಿದವು. 50 ಮೀಟರಿನಲ್ಲಿ ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿದರೆ ಅಡ್ಡಗೆರೆಯೂ ಗುರಿಯ ಮೇಲೆ ಸರಿಯುತ್ತದೆ. ಮುಂದಿನ ಗಾಜನ್ನು ತಿರುಗಿಸಿ ದೂರ ಹೊಂದಿಸುವಂಥದ್ದನ್ನೇ ಆರಿಸಿ.

ಸೇಫ್ಟಿ, ಅಂದರೆ ಅಕಸ್ಮಾತ್ ಗುಂಡು ಹಾರದಂತೆ ತಡೆಯುವ ಕೀಲಿ, ಮಾತ್ರ ಹೊಸಬರು ಗಮನವಿಟ್ಟು ಕಲಿಯಬೇಕಾದ್ದು. ಎಷ್ಟೋ ರೈಫಲ್‌ಗಳಲ್ಲಿ ಮುಂದಕ್ಕೆ ತಳ್ಳಿದರೆ ಗುಂಡು ಹಾರಲು ಸಿದ್ಧ, ಈ ವಂಶದಲ್ಲಿ ಹಿಂದಕ್ಕೆ ಎಳೆದರೆ ಸಿದ್ಧ. ಬೇರೆ ರೈಫಲ್ ಬಳಸಿದವರು ಇದನ್ನು ಕೈಗೆತ್ತಿಕೊಂಡರೆ ಮೊದಲು ಇದನ್ನೇ ಹೇಳಿಕೊಡುತ್ತೇನೆ.

ಇನ್ನು ಕಾಡತೂಸು. ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ .22ರ ಜೀವ ಇರುವುದು ಇಲ್ಲಿ. .22 ಲಾಂಗ್ ರೈಫಲ್ ಕಾಡತೂಸು 1887ರಲ್ಲಿ ಅಮೆರಿಕದಲ್ಲಿ ಬಂದದ್ದು, ಮೂಲ ವಿನ್ಯಾಸ ಇಂದಿಗೂ ಅದೇ. ಬೆಂಕಿ ಹತ್ತಿಸುವ ಮದ್ದು ತಳದ ನಡುವೆ ಇರುವುದಿಲ್ಲ, ಅಂಚಿನ ಮಡಿಕೆಯೊಳಗೆ ಸುತ್ತಲೂ ಹರಡಿರುತ್ತದೆ. ಟ್ರಿಗರ್ ಎಳೆದಾಗ ಬೋಲ್ಟಿನೊಳಗಿನ ಪಿನ್ ಬಂದು ಆ ಅಂಚನ್ನು ಜಜ್ಜುತ್ತದೆ. ಆ ಮದ್ದು ಸುತ್ತಲೂ ಸಮನಾಗಿ ಹರಡಿರಬೇಕು, ಅಂಚಿನ ದಪ್ಪ ಒಂದೇ ಇರಬೇಕು, 40 ಗ್ರೇನಿನ (ಸುಮಾರು 2.6 ಗ್ರಾಂ) ಸೀಸದ ಗುಂಡಿಗೆ ಮೇಣ ಒಂದೇ ಸಮ ಹತ್ತಿರಬೇಕು. ಇದರಲ್ಲಿ ಒಂದು ಏರುಪೇರಾದರೂ ವೇಗ ಬದಲಾಗಿ ಗುಂಡುಗಳು ಮೇಲೆ ಕೆಳಗೆ ಚದುರುತ್ತವೆ. ಸುಟ್ಟ ಕೋಶಕ್ಕೆ ಮನೆಯಲ್ಲಿ ಮತ್ತೆ ಮದ್ದು ತುಂಬಿಸಿ ಸರಿಮಾಡಿಕೊಳ್ಳುವ ದಾರಿಯೂ ಇದರಲ್ಲಿಲ್ಲ. ಕಾರ್ಖಾನೆ ಕೊಟ್ಟದ್ದೇ ಪ್ರಸಾದ.

ಅದಕ್ಕೇ ಒಂದೇ ಕಂಪನಿಯ ಎರಡು ಲಾಟ್‌ಗಳು (ಬೇರೆ ಬೇರೆ ಸಲ ತಯಾರಾದ ಕಂತುಗಳು) ಒಂದೇ ರೈಫಲಿನಲ್ಲಿ ಬೇರೆ ಬೇರೆಯಾಗಿ ಹೊಡೆಯುತ್ತವೆ. ಅಂತರರಾಷ್ಟ್ರೀಯ ಮಟ್ಟದವರು ಈಲಿ, ಲಾಪುವಾ, ಆರ್‌ಡಬ್ಲ್ಯುಎಸ್ ಎಂಬ ಕಾಡತೂಸು ಕಾರ್ಖಾನೆಗಳ ಪರೀಕ್ಷಾ ಸುರಂಗಕ್ಕೇ ತಮ್ಮ ರೈಫಲ್ ಒಯ್ದು ಲಾಟ್ ಆರಿಸಿಕೊಳ್ಳುತ್ತಾರೆ. ನಮಗೆ ಅದೆಲ್ಲ ಆಗದು. ನಾನು ಮಾಡುವುದಿಷ್ಟು: ಡೀಲರ್ ಹತ್ತಿರ ಏನೇನಿದೆಯೋ ಒಂದೊಂದು ಡಬ್ಬಿ ತಂದು, ಮರಳ ಚೀಲದ ಮೇಲೆ ರೈಫಲ್ ಇಟ್ಟು ಐದೈದು ಗುಂಡಿನ ಗ್ರೂಪ್ (ಒಂದೇ ಗುರಿಗೆ ಬಿದ್ದ ರಂಧ್ರಗಳ ಗುಂಪು) ಹೊಡೆದು, ಕಾಗದದ ಮೇಲೆ ಲಾಟ್ ನಂಬರ್ ಬರೆದಿಡುವುದು. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಮೊದಲ ಕೆಲವು ಗುಂಡು ಲೆಕ್ಕಕ್ಕಿಲ್ಲ, ನಳಿಗೆಯಲ್ಲಿ ಹಳೆಯ ಮೇಣ ಹೋಗಿ ಹೊಸದು ಕೂರಬೇಕು. ಒಂದು ಅಗ್ಗದ ಬ್ರಾಂಡಿನಲ್ಲಿ ಪಿನ್ ಬಿದ್ದರೂ ಹೊತ್ತದ ಕಾಡತೂಸು ಪದೇ ಪದೇ ಸಿಕ್ಕವು, ಅದನ್ನು ಬಿಟ್ಟೆ. ನನ್ನ ರೈಫಲಿಗೆ ಹಿಡಿಸಿದ್ದು ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್. ನಿಮ್ಮದಕ್ಕೆ ಬೇರೆ ಹಿಡಿಸಬಹುದು. ಲೈಸೆನ್ಸಿನಲ್ಲಿ ಬರೆದಷ್ಟೇ ಕಾಡತೂಸು ಕೊಳ್ಳಲಾಗುವುದರಿಂದ ಹಿಡಿಸಿದ ಲಾಟ್ ಸಿಕ್ಕಾಗ ಪೂರ್ತಿ ಕೋಟಾ ಅದಕ್ಕೇ ಹಾಕುತ್ತೇನೆ.

ಡಬ್ಬಿಯ ಮೇಲೆ 'ಹೈ ವೆಲಾಸಿಟಿ' ಅಂತಿದ್ದರೆ ಒಳ್ಳೇದೇ ಇರಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಗುರಿ ಅಭ್ಯಾಸಕ್ಕೆ ಅದು ಉಲ್ಟಾ. ಸ್ಟ್ಯಾಂಡರ್ಡ್ ವೇಗದ ಗುಂಡು ಸೆಕೆಂಡಿಗೆ ಸುಮಾರು 325 ಮೀಟರ್, ಅಂದರೆ ಶಬ್ದದ ವೇಗಕ್ಕಿಂತ ಕೊಂಚ ಕಡಿಮೆ. ಹೈ ವೆಲಾಸಿಟಿಯದು ಸುಮಾರು 380. ಶಬ್ದದ ಗಡಿ ದಾಟಿ ಹೊರಟ ಗುಂಡನ್ನು ಗಾಳಿ ಹೆಚ್ಚು ಜೋರಾಗಿ ತಡೆಯುತ್ತದೆ, ಅದು ಬೇಗ ವೇಗ ಕಳೆದುಕೊಳ್ಳುತ್ತದೆ, ಹೀಗಾಗಿ ಅಡ್ಡಗಾಳಿಗೆ ಇನ್ನೂ ಹೆಚ್ಚು ಸರಿಯುತ್ತದೆ. ನಿಧಾನದ ಗುಂಡೇ ನೆಟ್ಟಗೆ ಹೋಗುತ್ತದೆ.

ಗಾಳಿ ಅಂದೆನಲ್ಲ, ಅದರ ಬಗ್ಗೆ ನಮ್ಮ ದುರ್ಗದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜೋಗಿಮಟ್ಟಿ ಕಡೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. 50 ಮೀಟರ್ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ವೃತ್ತ ಅಡ್ಡಕ್ಕೆ 10.4 ಮಿಲಿಮೀಟರ್, ಹೆಚ್ಚು ಕಡಿಮೆ ಶರ್ಟಿನ ಗುಂಡಿಯಷ್ಟು. ಗಂಟೆಗೆ 16 ಕಿಲೋಮೀಟರ್ ವೇಗದ ಗಾಳಿ ನೇರ ಅಡ್ಡ ಬೀಸಿದರೆ ಸ್ಟ್ಯಾಂಡರ್ಡ್ ಗುಂಡು ಎರಡೂವರೆಯಿಂದ ಮೂರು ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಹತ್ತು ಬೀಳಬೇಕಾದ್ದು ಏಳು. ಶೂಟರ್ ಏನೂ ತಪ್ಪು ಮಾಡಿರುವುದಿಲ್ಲ, ಟ್ರಿಗರ್ ಎಳೆದ ಗಳಿಗೆಯಲ್ಲಿ ಗಾಳಿ ಎದ್ದಿತ್ತು, ಅಷ್ಟೇ. ನಾನು ಆಷಾಢದಲ್ಲಿ ರೈಫಲ್ ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಗುಡ್ಡದ ಕಡೆ ಹೋಗಿ ಹುಲ್ಲು ಎಷ್ಟು ಬಾಗುತ್ತದೆ, ಗಾಳಿ ಎಷ್ಟು ಹೊತ್ತು ಬೀಸಿ ಎಷ್ಟು ಹೊತ್ತು ತಣಿಯುತ್ತದೆ ಅಂತ ನೋಡುತ್ತೇನೆ. ಅದಕ್ಕೊಂದು ಲಯ ಇದೆ. ಆ ಲಯ ಸಿಕ್ಕಿದರೆ ರೇಂಜಿನಲ್ಲಿ ಗಾಳಿ ತೋರಿಸುವ ಬಾವುಟ ಯಾವಾಗ ಇಳಿಯುತ್ತದೆ ಎಂದು ಕಾಯುವ ಸಹನೆ ತಾನಾಗಿ ಬರುತ್ತದೆ. ಈ ಆಟದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ಭಾಗ ಇದೇ.

ನಾನು .22 ಹೊಡೆಯುವುದು ಬೆಂಗಳೂರಿನ ರೇಂಜಿನಲ್ಲಿ ಮಾತ್ರ. ಹೈವೇ ಹಿಡಿದು ಬೆಳಗ್ಗೆ ಹೊರಟರೆ ರಾತ್ರಿ ಊಟಕ್ಕೆ ವಾಪಸ್. ಊರಿನಲ್ಲಿ ಅಭ್ಯಾಸಕ್ಕೆ .177 ಏರ್ ರೈಫಲ್, ಹತ್ತು ಮೀಟರ್. ಮಲಗಿ, ಮಂಡಿಯೂರಿ, ನಿಂತು, ಮೂರೂ ಭಂಗಿ ಅದರಲ್ಲೇ ಪಳಗಿಸಬಹುದು. ಪಕ್ಕದ ಹೊಲದವನು ಒಮ್ಮೆ, "ಏನಣ್ಣಾ, ಹಂದಿ ಹೊಡಿಯಾಕ ತಂದೀಯ?" ಅಂತ ಕೇಳಿದ. "ಇಲ್ಲಪ್ಪ, ಕಾಗದಕ್ಕೆ" ಅಂದೆ. "ಹಂಗಾದ್ರೆ ನಮ್ ತೋಟದಾಗೆ ಹೊಡಿ, ಜಾಗ ಐತಲ್ಲ" ಅಂದ. ಆ ಚಿಕ್ಕ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು, ಬಯಲುಸೀಮೆಯ ನೆಲಕ್ಕೆ ತಡೆಯೇ ಇಲ್ಲ ಅಂತ ವಿವರಿಸಿದ ಮೇಲೆ ಅವನಿಗೂ ಅರ್ಥವಾಯಿತು. ತೋಟ, ಕೆರೆ ಅಂಗಳ, ಕಲ್ಲುಗುಡ್ಡ ಇವು ಯಾವುವೂ ರೇಂಜ್ ಅಲ್ಲ. ಕಲ್ಲಿಗೆ ಬಡಿದ ಸೀಸ ಯಾವ ಕಡೆಗಾದರೂ ಚಿಮ್ಮೀತು.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ಮೂರು ಭಂಗಿಯಲ್ಲಿ ಕಂಚು ತಂದಮೇಲೆ, ಎನ್‌ಸಿಸಿಯಲ್ಲಿ .22 ಹಿಡಿದ ಹುಡುಗ ಹುಡುಗಿಯರು ಬಂದು ವಿಚಾರಿಸುವುದು ಹೆಚ್ಚಾಗಿದೆ. ಈ ಸ್ಪರ್ಧೆಯಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಅವರಿಗೆಲ್ಲ ನಾನು ಹೇಳುವುದು ಮೊದಲು ಕ್ಲಬ್ಬಿನ ರೈಫಲಿನಲ್ಲಿ ಹೊಡೆಯಿರಿ ಅಂತ. ಸ್ಪರ್ಧೆಗೇ ಇಳಿಯುವುದಾದರೆ ನನ್ನ ಬ್ರನೊ ಸಾಲದು, ಅದಕ್ಕೆ ಜರ್ಮನಿಯ ಆನ್‌ಶುಟ್ಜ್ ಕಂಪನಿಯದರಂಥ, ಕೆನ್ನೆಪಟ್ಟಿಯಿಂದ ಹಿಡಿದು ಎಲ್ಲವನ್ನೂ ಮೈಗೆ ತಕ್ಕಂತೆ ಹೊಂದಿಸುವ ಭಾರದ ರೈಫಲ್ ಬೇಕು.

ನೋಡಿಕೊಳ್ಳುವುದು ಸುಲಭ. .22 ನಳಿಗೆಯನ್ನು ಪ್ರತಿಸಲ ಉಜ್ಜಿ ತೊಳೆಯುವ ಅಗತ್ಯವಿಲ್ಲ. ಉಜ್ಜುವಾಗಲೂ ಹಿಂದಿನಿಂದಲೇ ಸಲಾಕೆ ಹಾಕಬೇಕು, ಬಾಯಿ ಕಡೆಯ ಅಂಚು ಸವೆದರೆ ಗ್ರೂಪ್ ಕೆಡುತ್ತದೆ. ಮಳೆಗಾಲದಲ್ಲಿ ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಸ್ಪಂಜು ತೇವ ಹಿಡಿದಿಟ್ಟು ತುಕ್ಕು ತರುತ್ತದೆ. ಆಯುಧಪೂಜೆಯಲ್ಲಿ ನಮ್ಮಮ್ಮ ಒದ್ದೆ ಅರಿಶಿನ ಕುಂಕುಮ ಹಚ್ಚುವುದು ರೈಫಲ್ ಪೆಟ್ಟಿಗೆಗೆ, ಕಬ್ಬಿಣಕ್ಕಲ್ಲ. ಹೊಡೆದು ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ಸೀಸ ಒಳ್ಳೆಯದಲ್ಲ.

ಕೊರತೆ ಹೇಳಬೇಕೆಂದರೆ ಟ್ರಿಗರ್ ಸ್ವಲ್ಪ ಬಿಗಿ. ಬಲ್ಲ ಗನ್‌ಸ್ಮಿತ್ ಹತ್ತಿರ ಸ್ಪ್ರಿಂಗ್ ಸಡಿಲ ಮಾಡಿಸಿದ ಮೇಲೆ ಹದಕ್ಕೆ ಬಂತು. ಬಟ್ (ಭುಜಕ್ಕೆ ಆನಿಸುವ ಹಿಡಿ) ಕಬ್ಬಿಣದ ಸೈಟಿಗೆಂದು ಮಾಡಿದ್ದು, ದುರ್ಬೀನು ಹಾಕಿದರೆ ಕೆನ್ನೆ ಎತ್ತರ ಸಾಲದೆ ಮೇಲೊಂದು ಪಟ್ಟಿ ಕಟ್ಟಬೇಕಾಯಿತು. ಹೆಚ್ಚುವರಿ ಮ್ಯಾಗಝಿನ್ ಸಿಗುವುದು ಕಷ್ಟ. ಚುನಾವಣೆ ಘೋಷಣೆಯಾದರೆ ಠಾಣೆಗೆ ಒಪ್ಪಿಸಿ ರಸೀದಿ ಇಟ್ಟುಕೊಳ್ಳಬೇಕಾಗುತ್ತದೆ, ಕೊಡುವ ಮುನ್ನ ತೆಳ್ಳಗೆ ಎಣ್ಣೆ ಹಚ್ಚಿ ಕೊಡಿ.

ಹಳೆಯದನ್ನು ಕೊಳ್ಳುವವರು ಮೂರು ಕಡೆ ಬೆಳಕು ಬಿಟ್ಟು ನೋಡಿ. ನಳಿಗೆಯ ಬಾಯಂಚು ಎಲ್ಲೂ ನೆಗ್ಗಿರಬಾರದು. ಒಳಗೆ ಗುಳಿ ಗುಳಿ ತುಕ್ಕು ಇರಬಾರದು. ಮೂರನೆಯದು ಚೇಂಬರಿನ (ನಳಿಗೆಯ ಹಿಂಬದಿಯಲ್ಲಿ ಕಾಡತೂಸು ಕೂರುವ ಜಾಗದ) ಅಂಚು: ಖಾಲಿ ರೈಫಲಿನ ಟ್ರಿಗರ್ ಎಳೆದೆಳೆದು ಆಡಿದ್ದರೆ ಪಿನ್ ಆ ಅಂಚಿಗೇ ಬಡಿದು ಗೀರು ಎಬ್ಬಿಸಿರುತ್ತದೆ. ಡೀಲರ್ ಎದುರಿಗೇ ಒಂದು ಸುಟ್ಟ ಕೋಶವನ್ನು ಬೆರಳಲ್ಲಿ ಹಾಕಿ ತೆಗೆದು ನೋಡಿ. ಅಲ್ಲಿ ತಡೆದರೆ ಬೆಲೆ ಎಷ್ಟೇ ಕಡಿಮೆ ಹೇಳಿದರೂ ಬಿಟ್ಟು ಬನ್ನಿ. ಎಲ್ಲ ಸರಿಯಿದ್ದರೆ ನಳಿಗೆಯ ಮೇಲಿನ ನಂಬರನ್ನು ಮಾರುವವರ ಲೈಸೆನ್ಸಿನ ನಂಬರಿನೊಂದಿಗೆ ಒಂದೊಂದೇ ಅಂಕಿ ಹೋಲಿಸಿ, ಆಮೇಲೆ ಮುಂಗಡ ಕೊಡಿ.