ಅಮ್ಮನ ಟ್ಯಾಬ್ ಊದಿಕೊಂಡಿತ್ತು, ನಮಗೆ ಗೊತ್ತಾಗಲಿಲ್ಲ

ಮನೆಯಲ್ಲಿ ಹಳೇ ಟ್ಯಾಬ್, ಹಳೇ ಫೋನ್ ಇರುವವರು, ಅದರಲ್ಲೂ ಅದನ್ನು ವಯಸ್ಸಾದವರ ಕೈಗೋ ಮಕ್ಕಳ ಕೈಗೋ ಕೊಟ್ಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ಏಪ್ರಿಲ್‌ನಲ್ಲಿ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಟ್ಯಾಬ್ ಹೊತ್ತಿಕೊಂಡಿತು. ನನ್ನ ಗಂಡನ ಬಲಗೈಯ ಎರಡು ಬೆರಳು ಸುಟ್ಟವು. ಅಮ್ಮ ನಾಲ್ಕು ದಿನ ಕೆಮ್ಮಿದಳು. ಅದಕ್ಕೆ ಮುಂಚೆ ಮೂರು ವಾರ ಆ ಟ್ಯಾಬ್ ಒಂದಾದ ಮೇಲೊಂದು ಸೂಚನೆ ಕೊಡುತ್ತಲೇ ಇತ್ತು. ನಮಗೆ ಯಾರಿಗೂ ಅದು ಅರ್ಥವಾಗಲಿಲ್ಲ.

ನಾವಿರುವುದು ಮೈಸೂರಿನಲ್ಲಿ. ಅಮ್ಮ ತಿಪಟೂರು ಕಡೆಯವಳು. ತೆಂಗಿನ ತೋಟ, ರಾಗಿ ಹೊಲ, ದನ ಕರು ಅಂತ ಜೀವನಪೂರ್ತಿ ನಿಂತೇ ಇದ್ದವಳು. ಜನವರಿಯಲ್ಲಿ ಮಂಡಿ ಆಪರೇಷನ್ ಆಯಿತು. ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅಂಥವಳಿಗೆ ಇಡೀ ದಿನ ಮಂಚದ ಮೇಲೆ ಕೂರಬೇಕು ಅಂದರೆ ಹೇಗಾಗಬೇಡ? ಸೀರಿಯಲ್ ಬೇಜಾರು, ಪೇಪರ್ ಅರ್ಧ ಗಂಟೆಗೆ ಮುಗಿಯುತ್ತೆ. ಆಗ ನನ್ನ ಮಗಳು ತನ್ನ ಹಳೇ ಟ್ಯಾಬ್‌ನಲ್ಲಿ ಹೇ ಡೇ ಅನ್ನೋ ಆಟ ಹಾಕಿಕೊಟ್ಟಳು. ಹೊಲದ ಆಟ ಅದು. ಬೀಜ ಹಾಕುವುದು, ಕುಯ್ಯುವುದು, ಕೋಳಿಗೆ ಮೇವು ಹಾಕುವುದು, ರಸ್ತೆ ಬದಿಯ ಅಂಗಡಿಯಲ್ಲಿ ಮೊಟ್ಟೆ ಮಾರುವುದು. ಹೊಡೆದಾಟ ಇಲ್ಲ, ಸೋಲು ಇಲ್ಲ, ಅವಸರ ಇಲ್ಲ.

ಅದರಲ್ಲಿ ಗೋಧಿ ಎರಡು ನಿಮಿಷಕ್ಕೆ ಬೆಳೆಯುತ್ತೆ. ಮುಸುಕಿನ ಜೋಳ ಐದು ನಿಮಿಷ, ಕ್ಯಾರೆಟ್ ಹತ್ತು, ಕಬ್ಬು ಅರ್ಧ ಗಂಟೆ. ಮೊದಲ ದಿನ ಅಮ್ಮ, "ಎರಡು ನಿಮಿಷಕ್ಕೆ ಗೋಧಿನಾ? ನಮ್ಮ ರಾಗಿಗೆ ನಾಲ್ಕು ತಿಂಗಳು ಮಳೆ ಮುಖ ನೋಡ್ಕೊಂಡು ಕೂರ್ಬೇಕಲ್ಲೇ!" ಅಂತ ನಕ್ಕಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ಹೇಳ್ತೀನಿ, ಆಟದ ಮೇಲೆ ನನಗೆ ಯಾವ ದೂರೂ ಇಲ್ಲ. ಇವತ್ತಿಗೂ ಇಲ್ಲ.

ಆದರೆ ಇಂಥ ಆಟದ ಸ್ವಭಾವವೇ ಹಾಗೆ. ಹಾಕಿ ಬಿಡಬೇಕು, ಆಮೇಲೆ ಬಂದು ನೋಡಬೇಕು. ಮೊಟ್ಟೆಗೆ ಇಪ್ಪತ್ತು ನಿಮಿಷ, ಹಾಲಿಗೆ ಒಂದು ಗಂಟೆ. ಹಾಗಾಗಿ ಟ್ಯಾಬ್ ಯಾವಾಗಲೂ ಅಮ್ಮನ ಪಕ್ಕದಲ್ಲೇ. ಹಳೇ ಟ್ಯಾಬ್ ಆದ್ದರಿಂದ ಚಾರ್ಜ್ ಜಾಸ್ತಿ ಹೊತ್ತು ನಿಲ್ಲುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅದರ ಬ್ಯಾಟರಿಯನ್ನು ಒಂದು ಸಣ್ಣ ಅಂಗಡಿಯಲ್ಲಿ 800 ರೂಪಾಯಿಗೆ ಬದಲಾಯಿಸಿದ್ದೆವು. ಅಮ್ಮನಿಗೆ ಪದೇ ಪದೇ ಎದ್ದು ಚಾರ್ಜರ್ ಹಾಕುವುದು ಕಷ್ಟ ಅಂತ ನಾನೇ ಎಕ್ಸ್‌ಟೆನ್ಶನ್ ಬೋರ್ಡ್ ತಂದು ಮಂಚಕ್ಕೆ ಕಟ್ಟಿದೆ. ಆ ವೈರ್ ಹಗಲು ರಾತ್ರಿ ಟ್ಯಾಬ್‌ಗೆ ಸಿಕ್ಕಿಕೊಂಡೇ ಇತ್ತು. ಹತ್ತಿಯ ಹಾಸಿಗೆ, ಮೇಲೆ ರಗ್ಗು, ಅದರ ಮೇಲೆ ಕವರ್ ಮುಚ್ಚಿದ ಟ್ಯಾಬ್. ರಾತ್ರಿ ದಿಂಬಿನ ಪಕ್ಕ. ಹೊರಗೆ ಏಪ್ರಿಲ್ ಬಿಸಿಲು.

ಮೊದಲು ಬಿಸಿಯಾಗಲು ಶುರುವಾಯಿತು. ಅಮ್ಮ ಸೆರಗು ಅಡ್ಡ ಹಿಡಿದು ಆಡುತ್ತಿದ್ದಳು. "ಹಳೇದಲ್ವಾ, ಬಿಸಿ ಆಗತ್ತೆ" ಅಂತ ಸುಮ್ನಾದೆವು. ಆಮೇಲೆ ಚಾರ್ಜ್ ಅರವತ್ತು ತೋರಿಸುತ್ತಿದ್ದುದು ಇದ್ದಕ್ಕಿದ್ದ ಹಾಗೆ ಇಪ್ಪತ್ತಕ್ಕೆ ಇಳಿಯುತ್ತಿತ್ತು. ಸ್ಕ್ರೀನ್ ನಡುವೆ ಹೆಬ್ಬೆರಳಗಲದ ಬೆಳ್ಳಗಿನ ಮಚ್ಚೆ ಬಂತು. ಇನ್ನೊಂದು ದಿನ ಮಗಳು ಟ್ಯಾಬನ್ನು ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿ ತಿರುಗಿಸಿದಳು. ಅದು ಗಿರಗಿರ ತಿರುಗಿತು. "ಅಮ್ಮಾ, ಅಜ್ಜಿ ಟ್ಯಾಬ್ ಬುಗುರಿ ಥರ ತಿರುಗುತ್ತೆ ನೋಡು" ಅಂದಳು. ನಾವೆಲ್ಲ ನಕ್ಕೆವು. ಚಪ್ಪಟೆಯಾಗಿ ಕೂರಬೇಕಾದ ವಸ್ತು ಯಾಕೆ ತಿರುಗುತ್ತಿದೆ ಅಂತ ಒಬ್ಬರೂ ಕೇಳಲಿಲ್ಲ. ಆ ಕ್ಷಣ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ.

ಕೊನೆಗೆ ಸ್ಕ್ರೀನ್‌ನ ಒಂದು ಅಂಚು ಮೇಲಕ್ಕೆದ್ದಿತು. ಉಗುರು ತೂರುವಷ್ಟು ಸಂದು. ಅಮ್ಮ ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್ ಎರಡು ತೆಗೆದು ಟ್ಯಾಬ್‌ಗೆ ಬಿಗಿಯಾಗಿ ಸುತ್ತಿದಳು. ರಾತ್ರಿ ಅದರ ಮೇಲೆ ಭಾರಕ್ಕೆ ಒಂದು ಮಣೆಯನ್ನೂ ಇಟ್ಟಳಂತೆ. ಶನಿವಾರ ರಾತ್ರಿ ಅವಳ ರೂಮಿನಲ್ಲಿ ಸಿಹಿ ಸಿಹಿಯಾದ ಒಂದು ವಾಸನೆ, ನೈಲ್ ಪಾಲಿಶ್ ರಿಮೂವರ್ ಥರದ್ದು. ಮಗಳು ಉಗುರಿನ ಬಣ್ಣ ತೆಗೆದಿರಬೇಕು ಅಂದುಕೊಂಡು ಅವಳಿಗೆ ಗದರಿದೆ. ಅವಳು "ನಾನಲ್ಲಮ್ಮ" ಅಂದಳು. ಬ್ಯಾಟರಿ ಪೊಟ್ಟಣ ಸೋರಲು ಶುರುವಾದಾಗ ಬರುವ ವಾಸನೆ ಅದು ಅಂತ ನನಗೆ ಗೊತ್ತಾದದ್ದು ಆಮೇಲೆ. ಆ ರಾತ್ರಿಯೂ ಟ್ಯಾಬ್ ಅಮ್ಮನ ದಿಂಬಿನ ಪಕ್ಕವೇ ಚಾರ್ಜ್ ಆಗುತ್ತಿತ್ತು.

ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಎಲ್ಲರೂ ಮೇಜಿನ ಸುತ್ತ ಕೂತಿದ್ದೆವು. ನನ್ನ ಗಂಡ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲ ಮನೆಯಲ್ಲೇ ರಿಪೇರಿ ಮಾಡುವವರು. "ಗಮ್ ಬಿಟ್ಟಿದೆ ಅಷ್ಟೇ ಅತ್ತೆ, ಈಗ ಕೂರಿಸಿಕೊಡ್ತೀನಿ" ಅಂದರು. ರಬ್ಬರ್ ಬ್ಯಾಂಡ್ ತೆಗೆದು ಹೆಬ್ಬೆರಳಲ್ಲಿ ಒತ್ತಿದರು. ಕೂರಲಿಲ್ಲ. ಒಳಗೆ ಏನೋ ಅಡ್ಡ ಸಿಕ್ಕಿದೆ ಅಂತ ಮಗಳ ಸ್ಟೀಲ್ ಸ್ಕೇಲನ್ನು ಸಂದಿಗೆ ತೂರಿಸಿ ಮೀಟಿದರು.

ಕುಕ್ಕರ್ ಕೂಗುವ ಮುಂಚೆ ಬರುತ್ತಲ್ಲ, ಅಂಥ ಶಬ್ದ ಬಂತು. ದಟ್ಟ ಬಿಳಿ ಹೊಗೆ. ಅದರ ಹಿಂದೆಯೇ ಒಂದು ಗೇಣು ಉದ್ದದ ಬೆಂಕಿ. ಅವರು ಟ್ಯಾಬನ್ನು ಹಾಗೇ ಎತ್ತಿ ಬಟ್ಟೆ ಒಗೆಯುವ ಜಾಗದ ಕಲ್ಲಿನ ಮೇಲೆ ಎಸೆದರು. ಬೆರಳು ಸುಟ್ಟದ್ದು ಆಗಲೇ. ಅಮ್ಮನಿಗೆ ಬೇಗ ಏಳಲು ಆಗುವುದಿಲ್ಲ. ವಾಕರ್ ಹಿಡಿಯುವಷ್ಟು ಪುರುಸೊತ್ತೂ ಇರಲಿಲ್ಲ. ನಾನು ಅವಳ ಕಂಕುಳಿಗೆ ಕೈ ಕೊಟ್ಟು ಎಳೆದುಕೊಂಡೇ ಹೊರಗೆ ಬಂದೆ. ಮಗಳು ಅಳುತ್ತಲೇ ಕಿಟಕಿಗಳನ್ನೆಲ್ಲ ತೆಗೆದಳು. ಇವರು ಎರಡು ಬಕೆಟ್ ನೀರು ಸುರಿದರು. ಒಮ್ಮೆ ಆರಿತು ಅನ್ನಿಸಿ ಮತ್ತೆ ಹೊತ್ತಿಕೊಂಡಿತು, ಮತ್ತೆ ನೀರು ಸುರಿಯಬೇಕಾಯಿತು. ಮೇಜಿನ ಪ್ಲಾಸ್ಟಿಕ್ ಹೊದಿಕೆ ಕರಗಿ ಮರಕ್ಕೆ ಅಂಟಿಕೊಂಡಿತ್ತು. ಎಲ್ಲ ಸೇರಿ ಎರಡು ಮೂರು ನಿಮಿಷ. ಅಮ್ಮನ ಗೋಧಿ ಬೆಳೆಯುವಷ್ಟು ಹೊತ್ತು.

ಪಕ್ಕದ ಮನೆಯವರು ಓಡಿ ಬಂದು ಸುಟ್ಟ ಬೆರಳಿಗೆ ಟೂತ್‌ಪೇಸ್ಟ್ ಹಚ್ಚಿ ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ. ಇಪ್ಪತ್ತು ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿದು, ಆಮೇಲೆ ಆಸ್ಪತ್ರೆಗೆ ಹೋಗಿ. ನಾವು ಹಾಗೇ ಮಾಡಿದ್ದು ಒಳ್ಳೆಯದಾಯಿತು ಅಂತ ಡಾಕ್ಟರು ಹೇಳಿದರು. ಹೊಗೆ ಕುಡಿದ ಅಮ್ಮನನ್ನೂ ತೋರಿಸಿದೆವು. ಈ ಬ್ಯಾಟರಿಗಳ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷದ ಅನಿಲ ಇರುತ್ತೆ. ವಯಸ್ಸಾದವರು, ದಮ್ಮು ಇರುವವರು ಅದನ್ನು ಸ್ವಲ್ಪವೂ ಉಸಿರಾಡಬಾರದು.

ಆಮೇಲೆ ಫೋನ್ ಸರ್ವಿಸ್ ಕೆಲಸ ಮಾಡುವ ಪರಿಚಯದ ಒಬ್ಬರನ್ನು ಕೇಳಿದೆವು. ಅವರು ಬಿಡಿಸಿ ಹೇಳಿದಾಗ ಎಲ್ಲ ಅರ್ಥವಾಯಿತು. ಟ್ಯಾಬ್ ಒಳಗಿನ ಲಿಥಿಯಂ ಬ್ಯಾಟರಿ ಗಟ್ಟಿ ಡಬ್ಬಿ ಅಲ್ಲ. ಚಿಪ್ಸ್ ಪ್ಯಾಕೆಟ್ಟಿನಂಥ ತೆಳು ಪೊಟ್ಟಣ. ಒಳಗೆ ಪ್ಲಸ್ ಪದರ, ಮೈನಸ್ ಪದರ, ನಡುವೆ ಕೂದಲಿಗಿಂತ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಜೊತೆಗೆ ಬೆಂಕಿ ಹತ್ತಿಕೊಳ್ಳುವಂಥ ದ್ರವ. ಬಿಸಿ ಜಾಸ್ತಿಯಾದರೆ, ತುಂಬಿದ ಚಾರ್ಜಿನಲ್ಲೇ ದಿನಗಟ್ಟಲೆ ಇಟ್ಟರೆ, ಇಲ್ಲವೇ ಬ್ಯಾಟರಿಯೇ ಕಳಪೆಯಾಗಿದ್ದರೆ ಆ ದ್ರವ ಕೆಟ್ಟು ಗ್ಯಾಸ್ ಆಗುತ್ತೆ. ಪೊಟ್ಟಣ ಊದುತ್ತೆ. ಊದಿದ್ದು ಸ್ಕ್ರೀನನ್ನು ಒಳಗಿಂದ ಮೇಲಕ್ಕೆ ತಳ್ಳುತ್ತೆ. ನಾವು ಗಮ್ ಬಿಟ್ಟಿದೆ ಅಂದುಕೊಂಡದ್ದು ಅದನ್ನೇ. ಹಾಗಿರುವಾಗ ಒತ್ತಿದರೆ, ಚುಚ್ಚಿದರೆ ಎರಡು ಪದರ ಒಂದಕ್ಕೊಂದು ತಾಗಿ ಒಳಗೇ ಶಾರ್ಟ್ ಆಗುತ್ತೆ. ಒಂದು ಪದರದ ಬಿಸಿ ಇನ್ನೊಂದನ್ನು ಹೊತ್ತಿಸುತ್ತೆ. ಶುರುವಾದರೆ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಆರಿದ್ದು ಮತ್ತೆ ಹೊತ್ತಿದ್ದೂ ಇದಕ್ಕೇ.

2016ರಲ್ಲಿ ಸ್ಯಾಮ್‌ಸಂಗ್ ಕಂಪನಿ ಬ್ಯಾಟರಿ ತೊಂದರೆಯಿಂದ ಗ್ಯಾಲಕ್ಸಿ ನೋಟ್ 7 ಫೋನ್‌ಗಳನ್ನು ವಾಪಸ್ ಕರೆಸಿ, ಕೊನೆಗೆ ಆ ಫೋನ್ ಮಾಡುವುದನ್ನೇ ನಿಲ್ಲಿಸಿತ್ತು. ಅಷ್ಟು ದೊಡ್ಡ ಕಂಪನಿಗೇ ಹಾಗಾದರೆ 800 ರೂಪಾಯಿಯ ಬ್ಯಾಟರಿಯ ಗತಿ ಏನು? ನಮ್ಮದರ ಮೇಲೆ ಟ್ಯಾಬ್ ಕಂಪನಿಯ ಹೆಸರಿನ ಸ್ಟಿಕರ್ ಇತ್ತು, ಅಷ್ಟೇ. ಬ್ಯಾಟರಿ ಬದಲಾಯಿಸುವಾಗ ಬಿಐಎಸ್ ಗುರುತು (ಸರ್ಕಾರದ ಗುಣಮಟ್ಟ ಸಂಸ್ಥೆಯ ಮುದ್ರೆ), ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಅದು ಯಾವ ಕಂಪನಿಯದ್ದು ಅಂತ ಗೊತ್ತಾಗುತ್ತೆ. ನಾನು ಆ ಅಂಗಡಿಗೆ ಹೋಗಿ ಕೇಳಿದೆ. "ಮೂರು ತಿಂಗಳು ಗ್ಯಾರಂಟಿ ಮೇಡಂ, ಅದು ಮುಗಿದು ಎಷ್ಟೋ ದಿನ ಆಯ್ತಲ್ಲ" ಅಂದರು. ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಮನೆಯ ವಿಷಯ. ಟ್ಯಾಬ್, ಫೋನ್, ಪವರ್ ಬ್ಯಾಂಕ್, ಮಕ್ಕಳ ಗೇಮ್ ಸಾಧನ ಎಲ್ಲವನ್ನೂ ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅಲ್ಲಾಡಿದರೆ, ತಿರುಗಿದರೆ, ಅಂಚು ಬಿಟ್ಟಿದ್ದರೆ, ಬೆನ್ನು ಉಬ್ಬಿದ್ದರೆ ಅವತ್ತಿಗೇ ಅದರ ಬಳಕೆ ನಿಲ್ಲಿಸಿ. ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ವೈರ್ ತೆಗೆಯಿರಿ. ಒತ್ತಬೇಡಿ, ಬಿಚ್ಚಬೇಡಿ, ಚಾರ್ಜ್ ಖಾಲಿ ಮಾಡಲು ಆಟ ಆಡಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ಒಣ ಮರಳು ಹಾಕಿದ ಲೋಹದ ಬಕೆಟ್ಟಿನಲ್ಲಿಟ್ಟು, ಬಟ್ಟೆ ಮತ್ತು ಗ್ಯಾಸ್ ಸಿಲಿಂಡರಿನಿಂದ ದೂರ, ಮನೆಯ ಹೊರಗೆ ನೆರಳಿನಲ್ಲಿಡಿ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಹೇಳಿ, ಆಮೇಲೆ ಒಯ್ಯಿರಿ. ಕಸದ ಗಾಡಿಗೆ ಮಾತ್ರ ಹಾಕಬೇಡಿ. ಗಾಡಿಯಲ್ಲಿ ಕಸ ಒತ್ತುವಾಗ ಅದು ಹೊತ್ತಿಕೊಂಡರೆ ಪೌರಕಾರ್ಮಿಕರ ಕೈ ಸುಡುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹದ ಹೊಣೆ ತಯಾರಕರದ್ದು. ಅದನ್ನು ಧೈರ್ಯವಾಗಿ ಕೇಳಿ.

ಹೊಗೆ ಬರಲು ಶುರುವಾಗಿದ್ದರೆ ನನ್ನ ಗಂಡನ ಹಾಗೆ ಕೈಯಲ್ಲಿ ಎತ್ತಬೇಡಿ. ಮೊದಲು ಜನರನ್ನು ಹೊರಗೆ ಕಳಿಸಿ, ಕರೆಂಟ್ ಆರಿಸಿ. ಸಣ್ಣ ಸಾಧನವಾದರೆ ದೂರದಿಂದ ಧಾರಾಳವಾಗಿ ನೀರು ಸುರಿದು ತಣ್ಣಗೆ ಮಾಡಬಹುದು. ಕೈ ಮೀರುತ್ತಿದೆ ಅನ್ನಿಸಿದರೆ ಮನೆಯಿಂದ ಹೊರಗೆ ಬಂದು 101 ಅಥವಾ 112ಕ್ಕೆ ಫೋನ್ ಮಾಡಿ.

ನಾನು ಅವತ್ತು ಸಂಜೆಯೇ ಮನೆಯೆಲ್ಲ ಹುಡುಕಿದೆ. ಶೋಕೇಸಿನ ಕೆಳಗಿನ ಡ್ರಾಯರಿನಲ್ಲಿ ಅಪ್ಪನ ಹಳೇ ಫೋನ್ ಸಿಕ್ಕಿತು. ಅಪ್ಪನ ಫೋಟೋಗಳಿವೆ ಅಂತ ವರ್ಷಗಳಿಂದ ಎತ್ತಿಟ್ಟಿದ್ದೆ. ಅದರ ಹಿಂದಿನ ಮುಚ್ಚಳ ತಾನಾಗಿಯೇ ಬಿಟ್ಟುಕೊಂಡಿತ್ತು. ಬ್ಯಾಟರಿ ಪುಟ್ಟ ದಿಂಬಿನ ಹಾಗೆ ಉಬ್ಬಿತ್ತು. ಯಾರೂ ಮುಟ್ಟದೇ, ಚಾರ್ಜಿಗೇ ಹಾಕದೇ ಬಿದ್ದಿದ್ದ ಫೋನ್ ಅದು. ಆ ಸರ್ವಿಸ್‌ನವರೇ ಬಂದು ಹುಷಾರಾಗಿ ಬ್ಯಾಟರಿ ಬೇರೆ ಮಾಡಿ, ಮೆಮೊರಿ ಕಾರ್ಡ್ ತೆಗೆದುಕೊಟ್ಟರು. ಫೋಟೋ ಎಲ್ಲ ಉಳಿದವು.

ಅಮ್ಮನ ಹೊಲ ಮಾತ್ರ ಉಳಿಯಲಿಲ್ಲ. ಆಟವನ್ನು ಯಾವ ಐಡಿಗೂ ಜೋಡಿಸಿರಲಿಲ್ಲ. ಮೂರು ತಿಂಗಳು ಕೂತು ಮಾಡಿದ ತೋಟ, ಕೋಳಿಗೂಡು, ಅವಳು ಮೊಮ್ಮಗಳ ಹತ್ತಿರ ಕೇಳಿ ಕೇಳಿ ಕಟ್ಟಿಸಿದ ಬೇಲಿ, ಎಲ್ಲ ಹೋಯಿತು. "ಹೋಗ್ಲಿ ಬಿಡೇ, ಅಳಿಯಂದಿರ ಕೈ ಉಳೀತಲ್ಲ" ಅಂದಳು. ಆದರೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಗ ಹೊಸ ಟ್ಯಾಬ್ ತಂದಿದ್ದೇವೆ. ಚಾರ್ಜ್ ಎಂಬತ್ತಕ್ಕೆ ನಿಲ್ಲುವ ಸೆಟ್ಟಿಂಗ್ ಅದರಲ್ಲಿದೆ, ಮಗಳು ಅದನ್ನು ಹಾಕಿದ್ದಾಳೆ. ಈಗಿನ ಎಷ್ಟೋ ಫೋನ್‌ಗಳಲ್ಲೂ ಇದೆ, ಹುಡುಕಿ ನೋಡಿ. ಚಾರ್ಜರ್‌ಗೆ ಹಾಲ್‌ನ ಕಡಪ ಕಲ್ಲಿನ ಮೇಲೆ ಜಾಗ, ಕವರ್ ಬಿಚ್ಚಿಯೇ ಚಾರ್ಜ್ ಮಾಡುವುದು, ಹಾಸಿಗೆಯ ಮೇಲೆ ವೈರ್ ಇಲ್ಲ. ಆಟಕ್ಕೆ ಐಡಿ ಜೋಡಿಸಿದ್ದೇವೆ. ಅಮ್ಮ ಮತ್ತೆ ಗೋಧಿಯಿಂದ ಶುರು ಮಾಡಿದ್ದಾಳೆ. ಮೊನ್ನೆ ಹಸು ಬಂತು ಅಂತ ತಿಪಟೂರಿನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳುತ್ತಿದ್ದಳು. ರಾತ್ರಿ ದೀಪ ಆರಿಸುವ ಮುಂಚೆ ರೂಮಿನಿಂದ ಕೂಗಿ ಕೇಳುತ್ತಾಳೆ, "ಪುಟ್ಟೀ, ಚಾರ್ಜರ್ ತೆಗೆದ್ಯಾ?"