ಕೆ27 ಟ್ರೈಮಿಥೈಲ್ ಹಿಡಿಯಲು ಮೂರು ಬಗೆಯ ಆಂಟಿಬಾಡಿ: ಬಳಸಿ ನೋಡಿದ ಹೋಲಿಕೆ

ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ಗಳೇ ಹಿಸ್ಟೋನ್. ಅವುಗಳಲ್ಲಿ ಎಚ್3 ಹಿಸ್ಟೋನಿನ 27ನೇ ಲೈಸಿನ್‌ಗೆ (ಲೈಸಿನ್ ಒಂದು ಅಮೈನೋ ಆಮ್ಲ, ಗುರುತು ಕೆ, ಹಾಗಾಗಿ ಕೆ27) ಮೂರು ಮಿಥೈಲ್ ಸೇರಿದ ಕಡೆ, ಅಂದರೆ ಟ್ರೈಮಿಥೈಲ್ ಇರುವ ಕಡೆ, ಜೀನ್‌ಗಳು ಸಾಮಾನ್ಯವಾಗಿ ಕೆಲಸ ನಿಲ್ಲಿಸಿರುತ್ತವೆ. ಈ ಗುರುತು ಹಿಡಿಯಲು ನಾನು ಮೂರು ಬಗೆಯ ಆಂಟಿಬಾಡಿ ಅಕ್ಕಪಕ್ಕ ಇಟ್ಟು ನೋಡಿದೆ: ಮೊಲದ ಪಾಲಿಕ್ಲೋನಲ್ (ಹಲವು ಆಂಟಿಬಾಡಿಗಳ ಮಿಶ್ರಣ), ಇಲಿಯ ಮಾನೊಕ್ಲೋನಲ್ (ಒಂದೇ ಬಗೆಯ ಆಂಟಿಬಾಡಿ), ಮೊಲದ ರೀಕಾಂಬಿನೆಂಟ್ ಮಾನೊಕ್ಲೋನಲ್ (ಅದರ ಜೀನ್ ಬಳಸಿ ಲ್ಯಾಬ್‌ನ ಕೋಶಗಳಲ್ಲಿ ತಯಾರಿಸಿದ್ದು). ಕಂಪನಿಗಳ ಹೆಸರು ಬರೆಯುತ್ತಿಲ್ಲ.

ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನಿಗೆ ಇಳಿಸಿ ಆಂಟಿಬಾಡಿ ಹಾಕುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಮೂರೂ ಪಾಸ್. ಹೀಲಾ ಕೋಶಗಳಿಂದ (ಲ್ಯಾಬ್‌ನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶ) ಆಸಿಡ್‌ನಲ್ಲಿ ತೆಗೆದ ಹಿಸ್ಟೋನ್, 15% ಜೆಲ್, 0.2 ಮೈಕ್ರಾನ್ ಮೆಂಬ್ರೇನ್. 17 ಕಿಲೋಡಾಲ್ಟನ್ ಹತ್ತಿರ ಒಂದೇ ಬ್ಯಾಂಡ್, ನೋಡಲು ಚೆಂದ. ಆದರೆ ಅದರಿಂದ ತಿಳಿಯುವುದು ಎಚ್3 ಸಿಕ್ಕಿದೆ ಅಂತ ಮಾತ್ರ. 9ನೇ ಲೈಸಿನ್‌ನ ಟ್ರೈಮಿಥೈಲ್ ಹಿಡಿದರೂ ಬ್ಯಾಂಡ್ ಅಲ್ಲೇ ಬರುತ್ತದೆ, ಅಲ್ವಾ? ಈ ಎರಡು ಲೈಸಿನ್‌ಗಳ ನೆರೆಹೊರೆಯೂ ಒಂದೇ: ಎರಡೂ ಕಡೆ ಅಲನಿನ್, ಆರ್ಜಿನಿನ್, ಲೈಸಿನ್, ಸೆರಿನ್ ಇದೇ ಸಾಲಿನಲ್ಲಿವೆ. ಆಂಟಿಬಾಡಿ ಎಡವುವುದು ಇಲ್ಲೇ.

ಹಾಗಾಗಿ ಡಾಟ್ ಬ್ಲಾಟ್ ಬೇಕೇ ಬೇಕು: ಗುರುತು ಗೊತ್ತಿರುವ ಪೆಪ್ಟೈಡ್‌ಗಳನ್ನು (ಪ್ರೋಟೀನಿನ ಚಿಕ್ಕ ತುಣುಕು) ಮೆಂಬ್ರೇನ್ ಮೇಲೆ ಚುಕ್ಕಿ ಇಟ್ಟು, ಆಂಟಿಬಾಡಿ ಯಾವುದಕ್ಕೆ ಅಂಟುತ್ತದೆ ಅಂತ ನೋಡುವುದು. ಕೆ27ರ ಮೋನೋ, ಡೈ, ಟ್ರೈ (ಒಂದು, ಎರಡು, ಮೂರು ಮಿಥೈಲ್), ಜೊತೆಗೆ ಕೆ9 ಟ್ರೈ ಪೆಪ್ಟೈಡ್‌ಗಳನ್ನು ಚುಕ್ಕಿ ಇಟ್ಟೆ. ರೀಕಾಂಬಿನೆಂಟ್ ಒಂದೇ ಚುಕ್ಕಿಗೆ ಅಂಟಿತು. ಇಲಿಯದ್ದೂ ಹೆಚ್ಚುಕಡಿಮೆ ಹಾಗೇ. ಪಾಲಿಕ್ಲೋನಲ್‌ಗೆ ಡೈಮಿಥೈಲ್ ಚುಕ್ಕಿಯೂ ಸಾಕಷ್ಟು ಇಷ್ಟವಾಯಿತು. ಡೈ ರೂಪ ಟ್ರೈಗಿಂತ ಜೀನೋಮ್‌ನಲ್ಲಿ ತುಂಬಾ ಅಗಲವಾಗಿ ಹರಡಿರುತ್ತದೆ, ಆದ್ದರಿಂದ ಇದು ಸಣ್ಣ ವಿಷಯವಲ್ಲ. ಅದೇ ಕ್ಯಾಟಲಾಗ್ ನಂಬರ್‌ನ ಇನ್ನೊಂದು ಲಾಟ್ (ತಯಾರಿಕೆಯ ಬೇರೆ ಕಂತು) ತರಿಸಿದಾಗ ಡೈ ಚುಕ್ಕಿ ಮಸುಕಾಗಿತ್ತು, ಕೆ9 ಚುಕ್ಕಿ ಸ್ವಲ್ಪ ಕಂಡಿತು! ಈ ಪಾಲಿಕ್ಲೋನಲ್ ಅಂದರೆ ಮೊಲದ ರಕ್ತದಿಂದ ತೆಗೆದದ್ದು. ಮೊಲ ಬದಲಾದರೆ ಸರಕೂ ಬದಲು. ಬ್ರಾಂಡ್ ಹೆಸರು ಹೇಳಿ ಪ್ರಯೋಜನವಿಲ್ಲ, ಲಾಟ್ ನಂಬರ್ ಹೇಳಬೇಕು.

ಇನ್ನೊಂದು ಪರೀಕ್ಷೆ ಇನ್ನೂ ಖಡಕ್. ಈ ಮಿಥೈಲ್ ಸೇರಿಸುವ ಎಂಜೈಮ್ ಇಜೆಡ್‌ಎಚ್2. ಅದನ್ನು ತಡೆಯುವ ಜಿಎಸ್‌ಕೆ126 ಹಾಕಿ ಕೋಶಗಳನ್ನು ಕೆಲವು ದಿನ ಬೆಳೆಸಿದೆ. ರೀಕಾಂಬಿನೆಂಟ್‌ನ ಬ್ಯಾಂಡ್ ಬಹುತೇಕ ಮಾಯ. ಪಾಲಿಕ್ಲೋನಲ್‌ನ ಬ್ಯಾಂಡ್ ತೆಳುವಾಯಿತೇ ಹೊರತು ಹೋಗಲಿಲ್ಲ. ಉಳಿದ ಆ ಬ್ಯಾಂಡ್ ಯಾವುದರದ್ದು ಅಂತ ಡಾಟ್ ಬ್ಲಾಟ್ ಮೊದಲೇ ಸುಳಿವು ಕೊಟ್ಟಿತ್ತು.

ಆಂಟಿಬಾಡಿಯಿಂದ ಹಿಸ್ಟೋನನ್ನು ಅದಕ್ಕೆ ಅಂಟಿದ ಡಿಎನ್‌ಎ ಸಮೇತ ಎಳೆದು ತೆಗೆಯುವ ಚಿಪ್‌ನಲ್ಲಿ (ChIP) ಮಾತ್ರ ಲೆಕ್ಕ ತಲೆಕೆಳಗಾಯಿತು. ಈ ಗುರುತು ಇರಬೇಕಾದ, ಕೆಲಸ ನಿಲ್ಲಿಸಿದ ಮಯೋಡಿ1 ಜೀನ್ ಜಾಗದಲ್ಲಿ ಪಾಲಿಕ್ಲೋನಲ್ ಜಾಸ್ತಿ ಡಿಎನ್‌ಎ ಎಳೆಯಿತು, ಆದರೆ ಗುರುತು ಇರಬಾರದ, ಸದಾ ಕೆಲಸ ಮಾಡುವ ಜಿಎಪಿಡಿಎಚ್ ಜೀನ್‌ನಲ್ಲೂ ಎಳೆಯಿತು. ರೀಕಾಂಬಿನೆಂಟ್ ಎಳೆದದ್ದು ಕಡಿಮೆ, ಎರಡರ ನಡುವಿನ ಅಂತರ ದೊಡ್ಡದು. ಡಾಟ್ ಬ್ಲಾಟ್‌ನಲ್ಲಿ ಜಾಣನಾಗಿದ್ದ ಇಲಿಯದ್ದು ಇಲ್ಲಿ ಸಪ್ಪೆ. ಇದು ಅಪರೂಪವೇನಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ 200ಕ್ಕೂ ಹೆಚ್ಚು ಹಿಸ್ಟೋನ್ ಆಂಟಿಬಾಡಿಗಳನ್ನು ಪರೀಕ್ಷಿಸಿತ್ತು. ಶೇ. 25ಕ್ಕೂ ಹೆಚ್ಚು ಡಾಟ್ ಬ್ಲಾಟ್ ಅಥವಾ ವೆಸ್ಟರ್ನ್‌ನಲ್ಲೇ ಫೇಲ್. ಪಾಸಾದವುಗಳಲ್ಲೂ ಶೇ. 20ಕ್ಕೂ ಹೆಚ್ಚು ಚಿಪ್‌ನಲ್ಲಿ ಕೈಕೊಟ್ಟವು.

ಬೆಲೆಯಲ್ಲಿ ರೀಕಾಂಬಿನೆಂಟ್ ದುಬಾರಿ. ಆದರೂ ಸೀಕ್ವೆನ್ಸಿಂಗ್‌ಗೆ ಹೋಗುವ ಸ್ಯಾಂಪಲ್ ಆದರೆ ನಾನು ಅದನ್ನೇ ಹಾಕುವುದು. ಸುಮ್ನೆ ಡ್ರಗ್ ಕೆಲಸ ಮಾಡಿತಾ ಅಂತ ನೋಡಲು, ಲಾಟ್ ಪರೀಕ್ಷೆ ಮಾಡಿಟ್ಟಿದ್ದರೆ, ಪಾಲಿಕ್ಲೋನಲ್ ಸಾಕು. ಇಲಿಯದ್ದನ್ನೂ ಎಸೆಯಬೇಡಿ. ಮೊಲದ ಕೆ9 ಆಂಟಿಬಾಡಿ ಜೊತೆ ಒಂದೇ ಸ್ಲೈಡ್‌ನಲ್ಲಿ ಎರಡು ಬಣ್ಣ ಹಾಕಲು ಅದೇ ಬೇಕು. ಕಟ್ ಅಂಡ್ ರನ್‌ಗೆ (ಆಂಟಿಬಾಡಿ ಕೂತ ಜಾಗದ ಡಿಎನ್‌ಎಯನ್ನು ಎಂಜೈಮ್‌ನಿಂದ ಕತ್ತರಿಸಿ ತೆಗೆಯುವ ವಿಧಾನ) ಬಳಸುವುದಾದರೆ ಮಧ್ಯೆ ಮೊಲದ ಆಂಟಿ-ಮೌಸ್ (ಇಲಿಯ ಆಂಟಿಬಾಡಿಗೆ ಅಂಟುವ ಮೊಲದ ಆಂಟಿಬಾಡಿ) ಸೇರಿಸಿ, ಯಾಕೆಂದರೆ ಇಲಿಯ ಐಜಿಜಿ1 ವರ್ಗದ ಆಂಟಿಬಾಡಿ, ಕತ್ತರಿಸುವ ಎಂಜೈಮಿಗೆ ಜೋಡಿಸಿರುವ ‘ಪ್ರೋಟೀನ್ ಎ’ಗೆ ಸರಿಯಾಗಿ ಅಂಟುವುದಿಲ್ಲ.