ಹಳೇ ತೊಲೆಯ ಊಟದ ಮೇಜು: ಮರ ಚೆನ್ನಾಗಿದೆ, ಜೋಡಣೆ ಎಡವಿದೆ

ಕೆಡವಿದ ಮನೆಯ ತೇಗದ ತೊಲೆಗಳನ್ನು ಸೀಳಿ, ಅಂಟಿಸಿ ಮಾಡಿದ ಆರು ಜನರ ಮೇಜು ಇದು. ತಯಾರಿಸಿದ್ದು ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪ್. ಮೇಲ್ಹಲಗೆ 6 ಅಡಿ ಉದ್ದ, 3 ಅಡಿ ಅಗಲ, 32 ಮಿ.ಮೀ. ದಪ್ಪ, ಕೆಳಗೆ ಕಬ್ಬಿಣದ ಪೈಪಿನ ಫ್ರೇಮು.

ಮರದ ಆಯ್ಕೆಗೆ ಪೂರ್ತಿ ಅಂಕ ಕೊಡಬೇಕು. ಕುಟ್ಟೆ ಹುಳು ಹಿಡಿಯುವ ಹೊರಗಿನ ಬಿಳಿ ಭಾಗವನ್ನೆಲ್ಲ ತೆಗೆದು, ಕೆಚ್ಚನ್ನಷ್ಟೇ ಬಳಸಿದ್ದಾರೆ. ಹಳೇ ಮೊಳೆಯ ತೂತಿನ ಸುತ್ತ ಕಬ್ಬಿಣ ಬಿಟ್ಟ ಕಪ್ಪು ಉಂಗುರಗಳನ್ನು ಉಜ್ಜಿ ಅಳಿಸದೆ ಎಪಾಕ್ಸಿ ಅಂಟು ತುಂಬಿ ಉಳಿಸಿಕೊಂಡಿರುವುದು ತುಂಬ ಚೆಂದ. ಆದರೆ ಒಂದು ಅಂಚಿನಲ್ಲಿ ಮುರಿದ ಮೊಳೆಯ ತುದಿ ಒಳಗೇ ಉಳಿದಿದೆ. ಮುಂದೆ ರಂದ ಹಾಕಿದರೆ ಅಲಗು ಮುಕ್ಕಾಗುವುದು ಖಂಡಿತ. ಹಲಗೆಯ ಮೇಲೆ ಬಲವಾದ ಅಯಸ್ಕಾಂತ ಆಡಿಸಿದ್ದರೆ ಸಿಕ್ಕಿಬಿಡುತ್ತಿತ್ತು.

ದೊಡ್ಡ ತಪ್ಪು ಕೆಳಗಿದೆ. ಹಲಗೆಯನ್ನು ಫ್ರೇಮಿಗೆ ದುಂಡು ತೂತಿನ ಮೂಲಕ ಬಿಗಿಯಾಗಿ ಸ್ಕ್ರೂ ಮಾಡಿದ್ದಾರೆ. ನೂರು ವರ್ಷದ ಮರವಾದರೂ ಮಳೆಗಾಲದಲ್ಲಿ ತೇವ ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. 3 ಅಡಿ ಅಗಲದ ತೇಗ 3ರಿಂದ 6 ಮಿ.ಮೀ. ಸರಿದಾಡಬಹುದು. ಸರಿಯಲು ಜಾಗವಿಲ್ಲದಿದ್ದರೆ ಮರವೇ ಬಿರುಕು ಬಿಡಬೇಕು. ಇಲ್ಲಿ ಒಂದು ತುದಿಯಲ್ಲಿ ಅಂಟಿನ ಗೆರೆಗುಂಟ ಗೇಣುದ್ದದ ಕೂದಲೆಳೆ ಬಿರುಕು ಆಗಲೇ ಕಾಣುತ್ತಿದೆ. ಜೊತೆಗೆ ಪಾಲಿಶ್ ಮೇಲ್ಭಾಗಕ್ಕೆ ಮಾತ್ರ, ತಳ ಬರಿಮರ. ಎರಡೂ ಕಡೆ ಒಂದೇ ಸಮನೆ ತೇವ ಎಳೆಯದೆ ಹಲಗೆ ಬಾಗುವುದು ಇದರಿಂದಲೇ.

ರಿಪೇರಿ ಕಷ್ಟವೇನಲ್ಲ. ನಡುವಿನ ಸ್ಕ್ರೂಗಳನ್ನು ಹಾಗೇ ಬಿಡಿ. ಫ್ರೇಮಿನ ಉಳಿದ ತೂತುಗಳನ್ನು ಮೇಜಿನ ಅಗಲದ ದಿಕ್ಕಿಗೆ 14 ಮಿ.ಮೀ. ಉದ್ದಕ್ಕೆ ಹಿಗ್ಗಿಸಿ, ವಾಷರ್ ಕೊಟ್ಟು 25 ಮಿ.ಮೀ. ಸ್ಕ್ರೂ ಹಾಕಿ. ಕೊನೆಯ ಸುತ್ತು ಬಿಗಿಯಬೇಡಿ. ತಳಕ್ಕೂ ಎರಡು ಕೋಟ್ ಪಾಲಿಶ್ ಹೊಡೆಯಿರಿ.

ಜೊತೆಗೆ ಬರುವ ಬೆಂಚು ಪ್ಯಾಲೆಟ್ಟಿನ, ಅಂದರೆ ಸರಕು ಪೇರಿಸಿ ಸಾಗಿಸುವ ಮಣೆಯ, ಪೈನ್ ಮರದ್ದು. ಅಡಿಯಲ್ಲಿ 'ಎಚ್‌ಟಿ' ಮುದ್ರೆ ಉಳಿಸಿದ್ದಾರೆ, ಅಂದರೆ ಹುಳು ಸಾಯಲೆಂದು ಮರದ ನಡುಭಾಗವನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು. 'ಎಂಬಿ' ಮುದ್ರೆಯಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು. ಅದನ್ನು ಊಟದ ಮನೆಗೆ ತರಬಾರದು. ಕಾಯಿಸಿದ ಮಾತ್ರಕ್ಕೆ ಮುಂದೆ ಗೆದ್ದಲು ಬರುವುದಿಲ್ಲ ಎಂದೇನಿಲ್ಲ, ಬೆಂಚಿನ ಕಾಲು ನೆಲದ ತೇವ ಕುಡಿಯದಂತೆ ರಬ್ಬರ್ ಬುಷ್ ಹಾಕಿಸಿ.

ಆರ್ಡರ್ ಕೊಡುವವರು ಉದ್ದ ತೂತು, ತಳದ ಪಾಲಿಶ್ ಎರಡನ್ನೂ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಅಂಟಿಸುವ ಮುಂಚೆ ತೇವದ ಮೀಟರ್ ಶೇಕಡಾ 12ಕ್ಕಿಂತ ಕೆಳಗೆ ತೋರಿಸುವುದನ್ನು ಕಣ್ಣಾರೆ ನೋಡಿಯೇ ಮುಂಗಡ ಕೊಡಿ.